ಕಾನ್ಹೇರಿಯ ಮಳೆಕಾಡಿನಲ್ಲಿ ಅಮೋಘವರ್ಷನ ಹೆಸರು

ಠಾಣೆಯ ಮಾಜಿವಾಡಾದಲ್ಲಿ ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ನಾಸಿಕದ ಹೆದ್ದಾರಿ, ಘೋಡ್‌ಬಂದರ್ ರಸ್ತೆ ಮೂರೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೇಲ್ಸೇತುವೆ, ಮೆಟ್ರೋ ಕಂಬ, ಮೂವತ್ತು ನಲವತ್ತು ಅಂತಸ್ತಿನ ವಸತಿ ಗೋಪುರಗಳ ಸಂದಿಯಲ್ಲಿ ಪಶ್ಚಿಮಕ್ಕೆ ನೋಡಿದರೆ ಉದ್ದಕ್ಕೆ ಮಲಗಿದ ಗುಡ್ಡಸಾಲೊಂದು ಕಾಣುತ್ತದೆ. ಸ್ಥಳೀಯರು ಅದನ್ನು ಯೇವೂರ್ ಗುಡ್ಡ ಎನ್ನುತ್ತಾರೆ. ಜೂನ್ ಎರಡನೆಯ ವಾರ ಕಳೆಯಿತೆಂದರೆ ಗುಡ್ಡದ ಮೇಲಿನ ಅರ್ಧ ಮೋಡದೊಳಗೆ ಸೇರಿಕೊಳ್ಳುತ್ತದೆ. ಸೆಪ್ಟೆಂಬರ್ ಮುಗಿಯುವತನಕ ಅದು ಪೂರ್ತಿ ಹೊರಬರುವುದು ಅಪರೂಪ.

ಭೂಪಟದ ಮೇಲೆ ಮಾಜಿವಾಡಾದಿಂದ ನೇರ ಪಶ್ಚಿಮಕ್ಕೆ ಒಂದು ಗೆರೆ ಎಳೆದರೆ, ಆ ಗೆರೆ ಗುಡ್ಡ ದಾಟಿ, ಕಾಡು ದಾಟಿ, ಸುಮಾರು 8 ಕಿಲೋಮೀಟರ್ ದೂರದಲ್ಲಿ ಕಾನ್ಹೇರಿಯ ಗುಹೆಗಳಿಗೆ ತಾಗುತ್ತದೆ. ಕರಿಗಲ್ಲಿನ ಬೆಟ್ಟವೊಂದನ್ನು ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳು ಅಲ್ಲಿವೆ. ಬೌದ್ಧ ಭಿಕ್ಷುಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಜಾಗ ಅದು. ಅದರ ಕಲ್ಲಿನ ಮೇಲೆ 9ನೇ ಶತಮಾನದ ಮೂರು ಶಾಸನಗಳಲ್ಲಿ ಮಾನ್ಯಖೇಟದ ಅಮೋಘವರ್ಷನ ಹೆಸರಿದೆ. ಕನ್ನಡ ಓದಿದವರೆಲ್ಲ ನೃಪತುಂಗ ಎಂದು ಬಲ್ಲ ಅದೇ ಅರಸನ ಹೆಸರು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕನ್ನಡ ಮನೆಗಳು ಬೇಕಾದಷ್ಟಿವೆ. ಅವರ ಕಥೆ ಹೇಳುವವರು ಸಾಮಾನ್ಯವಾಗಿ ಹೋಟೆಲು, ಗಿರಣಿ, ರಾತ್ರಿ ಶಾಲೆ, ಬ್ಯಾಂಕಿನ ಕೆಲಸ, ಇಷ್ಟರಿಂದಲೇ ಶುರುಮಾಡುತ್ತಾರೆ. ಅದು ಸರಿಯಾದ ಕಥೆಯೇ. ಆದರೆ ಅದೇ ನೆಲದಲ್ಲಿ, ಸೊಸೈಟಿಯ ಗೇಟಿನಿಂದ ಕಾಣುವ ಗುಡ್ಡದ ಬೆನ್ನಿನಾಚೆ, ಇನ್ನೂ ಹಳೆಯದೊಂದು ಸಂಬಂಧದ ದಾಖಲೆ ಉಳಿದಿದೆ. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು. ಶಾಸನದಲ್ಲಿ ನಮ್ಮವರ ಹೆಸರು ಕಂಡ ಕೂಡಲೇ ‘ಇದೂ ನಮ್ಮದೇ’ ಎಂದು ಕೂಗುವ ಚಾಳಿ ಎಲ್ಲ ಭಾಷೆಯವರಲ್ಲೂ ಇದೆ. ಕಾನ್ಹೇರಿ ಆ ಕೂಗಿಗೆ ಒಗ್ಗುವ ಜಾಗವಲ್ಲ.

ಮೋಡ ಕವಿದ ಕಾಡು, ಅದರೊಳಗೆ ಹಳೆಯ ಕಲ್ಲಿನ ಊರು ಎಂದರೆ ಪ್ರವಾಸಪ್ರಿಯರಿಗೆ ನೆನಪಾಗುವುದು ದಕ್ಷಿಣ ಅಮೆರಿಕದ ಪೆರು. ಅಲ್ಲಿನ ಉತ್ತರ ಭಾಗದ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 3000 ಮೀಟರ್ ಎತ್ತರದಲ್ಲಿ ಕುವೆಲಾಪ್ ಎಂಬ ಕೋಟೆಯೂರಿದೆ. ಚಾಚಾಪೋಯ ಎಂಬ ಜನ 6ನೇ ಶತಮಾನದಿಂದ ಈಚೆಗೆ ಅದನ್ನು ಕಟ್ಟುತ್ತ ಬಂದರು. ಒಳಗೆ ನಾನೂರಕ್ಕೂ ಹೆಚ್ಚು ದುಂಡು ಮನೆಗಳ ತಳಪಾಯಗಳಿವೆ, ಹೊರಗೆ ಕೆಲವೆಡೆ 20 ಮೀಟರ್‌ವರೆಗೆ ಏಳುವ ಗೋಡೆಯಿದೆ. ಇಂಕಾ ಸಾಮ್ರಾಜ್ಯ ಆ ಬೆಟ್ಟಗಳನ್ನು ವಶಪಡಿಸಿಕೊಂಡದ್ದು 15ನೇ ಶತಮಾನದ ಕೊನೆಯ ಭಾಗದಲ್ಲಿ. ಎಂದರೆ ಇಂಕಾ ಸೈನಿಕರು ಬರುವ ಹೊತ್ತಿಗೆ ಆ ಊರಿಗೆ ಒಂಬತ್ತು ನೂರು ವರ್ಷ ವಯಸ್ಸಾಗಿತ್ತು. ಪ್ರವಾಸಿ ಪುಸ್ತಕಗಳು ಮಾತ್ರ ಇಂದಿಗೂ ಅದನ್ನು ‘ಇಂಕಾಗಳಿಗೂ ಮೊದಲಿನದು’ ಎಂದೇ ಪರಿಚಯಿಸುತ್ತವೆ. ತಡವಾಗಿ ಬಂದ ದೊರೆಯಿಂದ ಹಳೆಯ ಊರಿನ ವಯಸ್ಸು ಎಣಿಸುವ ಈ ರೂಢಿ ವಿಚಿತ್ರವಾದದ್ದು.

ಕಾನ್ಹೇರಿಯ ಕಾಡನ್ನು ಸಸ್ಯಶಾಸ್ತ್ರಜ್ಞರು ಮೋಡಗಾಡು ಎಂದು ಕರೆಯುವುದಿಲ್ಲ. ಬಾಬಾಬುಡನ್‌ಗಿರಿಯ ಶೋಲೆಯಂತೆ ಅದು ವರ್ಷವಿಡೀ ಮಂಜು ಕುಡಿಯುವ ಕಾಡಲ್ಲ. ಇದು ಎಲೆ ಉದುರಿಸುವ ಕಾಡು, ಏಪ್ರಿಲ್‌ನಲ್ಲಿ ಒಣಗಿ ಬೋಳಾಗುತ್ತದೆ. ಎತ್ತರವೂ ಕಡಿಮೆ, ಅತಿ ಎತ್ತರದ ತುದಿ 500 ಮೀಟರ್ ಮುಟ್ಟುವುದಿಲ್ಲ. ಆದರೆ ವರ್ಷದ ನಾಲ್ಕು ತಿಂಗಳು ಅರಬ್ಬೀ ಸಮುದ್ರದ ಮೋಡ ನೇರ ಇಲ್ಲಿಗೆ ಬಂದು ಬಡಿಯುತ್ತದೆ. 2000 ಮಿಲಿಮೀಟರ್‌ಗೂ ಹೆಚ್ಚಿನ ಮಳೆ ಆ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಬೆಟ್ಟದ ಮೇಲೆ ಬದುಕುವವರಿಗೆ ನೀರೆಲ್ಲಿಂದ? ಕಾನ್ಹೇರಿಯ ಇಡೀ ರಚನೆ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ.

ಗುಹೆಗಳನ್ನು ನೋಡಲು ಹೋದವರು ಮೊದಲು ಬುದ್ಧನ ಮೂರ್ತಿಗಳನ್ನು ನೋಡುತ್ತಾರೆ. ಸ್ವಲ್ಪ ತಲೆ ತಗ್ಗಿಸಿ ನೆಲ ನೋಡಿದರೆ ಬೇರೆಯದೇ ಊರು ಕಾಣುತ್ತದೆ. ಬಂಡೆಯ ಮೇಲ್ಮೈಯಲ್ಲೆಲ್ಲ ಬೆರಳಗಲದ, ಅಂಗೈ ಅಗಲದ ಕಾಲುವೆಗಳನ್ನು ಉಳಿಯಿಂದ ತೋಡಿದ್ದಾರೆ. ಇಳಿಜಾರಿನಲ್ಲಿ ಹರಿಯುವ ಮಳೆನೀರನ್ನು ಹಿಡಿದು, ತಿರುಗಿಸಿ, ಗುಹೆಯ ಪಕ್ಕದಲ್ಲೇ ಕಲ್ಲಿನೊಳಗೆ ಕೊರೆದ ತೊಟ್ಟಿಗೆ ಇಳಿಸುತ್ತವೆ ಅವು. ಹೆಚ್ಚಿನ ಗುಹೆಗಳಿಗೆ ತಮ್ಮದೇ ತೊಟ್ಟಿಯಿದೆ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಸಣ್ಣ ಬಾಯಿಯಾದ್ದರಿಂದ ಬಿಸಿಲಿಗೆ ನೀರು ಆರುವುದಿಲ್ಲ, ಎಲೆ ಕಸ ಬೀಳುವುದೂ ಕಡಿಮೆ. ಗುಹೆಯ ಮುಂದೆ ಕೂತು ಧ್ಯಾನ ಮಾಡಲು ಒಂದು ಕಲ್ಲಿನ ಜಗಲಿ, ಮಲಗಲು ಒಳಗೊಂದು ಕಲ್ಲಿನ ಮಂಚ, ಕುಡಿಯಲು ಬಾಗಿಲ ಪಕ್ಕದಲ್ಲಿ ನೀರು. ಒಬ್ಬ ಭಿಕ್ಷುವಿನ ಮಳೆಗಾಲದ ವಸತಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಬೌದ್ಧ ಭಿಕ್ಷುಗಳು ಮಳೆಗಾಲದಲ್ಲಿ ಸಂಚಾರ ನಿಲ್ಲಿಸಿ ಒಂದೆಡೆ ತಂಗಬೇಕೆಂಬುದು ಅವರ ನಿಯಮ. ಅದನ್ನು ಅವರು ವರ್ಷಾವಾಸ ಎನ್ನುತ್ತಿದ್ದರು. ಕೊಂಕಣದ ಮಳೆಗೆ ಸಿಕ್ಕವರಿಗೆ ಆ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತೊಟ್ಟಿಗಳನ್ನು ಯಾರು ತೋಡಿಸಿದರು ಎಂಬುದನ್ನೂ ಕಲ್ಲೇ ಹೇಳುತ್ತದೆ. ಕಾನ್ಹೇರಿಯಲ್ಲಿ ನೂರರ ಆಸುಪಾಸಿನಷ್ಟು ಬರಹಗಳಿವೆ. ಹಳೆಯವು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ. ಅವುಗಳಲ್ಲಿ ಬೆಟ್ಟದ ಹೆಸರು ಕಣ್ಹಸೇಲ, ಎಂದರೆ ಕೃಷ್ಣಶೈಲ, ಕಪ್ಪು ಬೆಟ್ಟ. ದಾನಿಗಳಲ್ಲಿ ಬಹುಮಂದಿ ಹತ್ತಿರದ ಬಂದರು ಪೇಟೆಗಳವರು: ಸೋಪಾರಾ, ಚೌಲ್, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಯಾಣ. ಕನ್ನಡಿಗರಿಗೆ ಕಲ್ಯಾಣ ಎಂದರೆ ಬಸವಣ್ಣನವರ ಕಲ್ಯಾಣವೇ ಕಣ್ಮುಂದೆ ಬರುತ್ತದೆ. ಇದು ಲೋಕಲ್ ರೈಲಿನ ಕಲ್ಯಾಣ, ಉಲ್ಹಾಸ ನದಿಯ ಕೊಲ್ಲಿಯ ದಂಡೆಯಲ್ಲಿದ್ದ ಹಳೆಯ ರೇವು. ಆ ಕಲ್ಯಾಣದ ಅಕ್ಕಸಾಲಿಗನೊಬ್ಬ ಇಲ್ಲಿ ನೀರಿನ ತೊಟ್ಟಿ ಮಾಡಿಸಿಕೊಟ್ಟ. ಅದೇ ಊರಿನ ಕಮ್ಮಾರನೊಬ್ಬ ನಡೆಯಲು ದಾರಿ ಮಾಡಿಸಿದ. ಕಲ್ಲು ಕೊರೆಯುವ ಉಳಿ ಯಾರ ಕುಲುಮೆಯಿಂದ ಬರುತ್ತಿತ್ತು ಎಂದು ಯೋಚಿಸಿದರೆ, ಕಮ್ಮಾರನ ದಾನ ಬಂಡೆಯ ಮೆಟ್ಟಿಲಾಗಿ ಉಳಿದದ್ದು ಎಷ್ಟು ಸಹಜ ಎನಿಸುತ್ತದೆ.

ತೊಟ್ಟಿಗಳಲ್ಲೇ ಒಂದು ರಾಜವಂಶಗಳ ಚರಿತ್ರೆಗೆ ದೊಡ್ಡ ಸಾಕ್ಷಿಯಾಯಿತು. 2ನೇ ಶತಮಾನದ ಆ ಬರಹ ತುಂಡಾಗಿದೆ. ಸತೇರಕನೆಂಬ ಅಮಾತ್ಯ ಕುಡಿಯುವ ನೀರಿನ ತೊಟ್ಟಿ ಮಾಡಿಸಿದ ವಿಷಯ ಅದರಲ್ಲಿದೆ. ಜೊತೆಗೆ ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿಯ ಉಲ್ಲೇಖ ಬರುತ್ತದೆ. ಆಕೆ ಕಾರ್ದಮಕ ವಂಶದವಳು, ಮಹಾಕ್ಷತ್ರಪನೊಬ್ಬನ ಮಗಳು. ಆ ಮಹಾಕ್ಷತ್ರಪ ರುದ್ರದಾಮನೇ ಎಂದು ವಿದ್ವಾಂಸರು ಓದಿದ್ದಾರೆ. ಅಂದರೆ ಯುದ್ಧದಲ್ಲಿ ಎದುರಾಳಿಗಳಾಗಿದ್ದ ಸಾತವಾಹನರು ಮತ್ತು ಶಕ ಕ್ಷತ್ರಪರು ಬೀಗರೂ ಆಗಿದ್ದರು ಎಂಬ ಮುಖ್ಯ ಸಂಗತಿ ಉಳಿದು ಬಂದದ್ದು ಒಂದು ನೀರಿನ ತೊಟ್ಟಿಯ ನೆತ್ತಿಯ ಮೇಲೆ.

ಚೈತ್ಯಮಂದಿರವಾದ 3ನೇ ಗುಹೆ ಎಲ್ಲ ಪ್ರವಾಸಿಗಳೂ ನೋಡುವಂಥದ್ದು. ಯಜ್ಞಶ್ರೀ ಶಾತಕರ್ಣಿಯ ಕಾಲದಲ್ಲಿ ವರ್ತಕ ಸಹೋದರರಿಬ್ಬರು ಆರಂಭಿಸಿದ ಕೆಲಸ ಅದು. ಕಾರ್ಲೆಯ ಚೈತ್ಯವನ್ನು ನೋಡಿಕೊಂಡು ಮಾಡಿದಂತಿದೆ, ಆದರೆ ಕಾರ್ಲೆಯ ಬೆಡಗು ಇಲ್ಲಿಲ್ಲ. ಹಣ ಸಾಲದೆಯೋ, ಗಡಿಬಿಡಿಯಿಂದಲೋ ಕಂಬಗಳ ಕೆತ್ತನೆಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ಮೊಗಸಾಲೆಯ ಎರಡು ಬದಿಗೆ ನಿಂತಿರುವ ಬೃಹತ್ ಬುದ್ಧಮೂರ್ತಿಗಳು ಮೂರು ನೂರು ವರ್ಷಗಳ ಅನಂತರ ಸೇರಿಸಿದವು. 41ನೇ ಗುಹೆಯಲ್ಲಿ ಹನ್ನೊಂದು ತಲೆಯ ಅವಲೋಕಿತೇಶ್ವರನಿದ್ದಾನೆ, ಅದನ್ನು ತಪ್ಪಿಸಬಾರದು.

ಈಗ 11ನೇ ಗುಹೆಗೆ ಬರಬೇಕು. ಜನ ಅದನ್ನು ದರ್ಬಾರ್ ಗುಹೆ ಎಂದೂ ಮಹಾರಾಜ ಗುಹೆ ಎಂದೂ ಕರೆಯುತ್ತಾರೆ. ಅಗಲವಾದ ಸಭಾಂಗಣ, ನೆಲದಿಂದ ಸ್ವಲ್ಪವೇ ಮೇಲೆದ್ದ ಎರಡು ಉದ್ದನೆಯ ಕಲ್ಲಿನ ಸಾಲುಜಗಲಿಗಳು, ಕೊನೆಯಲ್ಲಿ ಬುದ್ಧನ ಗರ್ಭಗುಡಿ. ಇದು ಒಬ್ಬರು ವಾಸಿಸುವ ಕೋಣೆಯಲ್ಲ, ಸಂಘ ಸೇರಿ ಕೂರುವ, ಪಾಠ ಕೇಳುವ, ಬಹುಶಃ ಉಣ್ಣುವ ಜಾಗ. ರಾಷ್ಟ್ರಕೂಟರ ಕಾಲದ ಮೂರು ಶಾಸನಗಳಲ್ಲಿ ಎರಡು ಈ ಗುಹೆಯವು. ಇನ್ನೊಂದು ಸ್ವಲ್ಪ ದೂರದ ಬೇರೆ ಗುಹೆಯದು. 19ನೇ ಶತಮಾನದಲ್ಲಿ ಅವನ್ನು ಓದಿ ಕಾಲ ನಿರ್ಣಯ ಮಾಡಿದವನು ಜರ್ಮನಿಯ ವಿದ್ವಾಂಸ ಕೀಲ್‌ಹಾರ್ನ್.

ಮೂರರಲ್ಲಿ ಹಳೆಯದು ಶಕವರ್ಷ 765, ಎಂದರೆ ಕ್ರಿ.ಶ. 843ರದು. ಅಮೋಘವರ್ಷ ಸಾರ್ವಭೌಮ. ಅವನ ಕೆಳಗೆ ಕೊಂಕಣವನ್ನು ಆಳುತ್ತಿರುವವನು ಮಹಾಸಾಮಂತ ಪುಲ್ಲಶಕ್ತಿ, ಶಿಲಾಹಾರ ವಂಶದವನು. ಪುಲ್ಲಶಕ್ತಿಯ ವೃದ್ಧ ಅಮಾತ್ಯನೊಬ್ಬ ಕೃಷ್ಣಗಿರಿಯ ಸಂಘಕ್ಕೆ ದತ್ತಿ ಇಡುತ್ತಾನೆ. ದತ್ತಿಯ ಉದ್ದೇಶಗಳನ್ನು ಬಿಡಿಬಿಡಿಯಾಗಿ ಹೇಳಿದ್ದಾರೆ: ಬುದ್ಧನ ಪೂಜೆ, ವಿಹಾರದ ದುರಸ್ತಿ, ಭಿಕ್ಷುಗಳ ಬಟ್ಟೆ, ಮತ್ತು ಪುಸ್ತಕ. ಸಂಸ್ಥೆಯ ಬಜೆಟ್ಟಿನಲ್ಲಿ ಗ್ರಂಥಾಲಯಕ್ಕೆ ಒಂದು ಬಾಬು ತೆಗೆದಿಟ್ಟ ಹಾಗೆ. ಅದೇ ಅರಸನ ಆಳ್ವಿಕೆಯಲ್ಲಿ, ಅವನ ಆಸ್ಥಾನದಲ್ಲಿ ಕನ್ನಡದ ಮೊದಲ ಲಕ್ಷಣಗ್ರಂಥ ಕವಿರಾಜಮಾರ್ಗ ರೂಪುಗೊಳ್ಳುತ್ತಿತ್ತು ಎಂಬುದು ಕಾಕತಾಳೀಯವೇ. ಆದರೂ ಕೊಂಕಣದ ಕಾಡಿನ ಬೌದ್ಧರ ಪುಸ್ತಕಕ್ಕೂ ಮಾನ್ಯಖೇಟದ ಕವಿಗಳ ಪುಸ್ತಕಕ್ಕೂ ಒಂದೇ ಆಳ್ವಿಕೆಯ ನೆರಳಿತ್ತು ಎಂಬುದನ್ನು ಗಮನಿಸದೆ ಮುಂದೆ ಹೋಗಲಾಗದು.

ಎರಡನೆಯ ಶಾಸನ ಪುಲ್ಲಶಕ್ತಿಯ ಮಗ ಎರಡನೆಯ ಕಪರ್ದಿಯ ಕಾಲದ್ದು. ಅದರ ತೇದಿಯಲ್ಲಿ ಒಂದು ತೊಡಕಿದೆ. ಶಕ 775 ಎಂದು ಬರೆದಿದೆ, ಜೊತೆಗೆ ಪ್ರಜಾಪತಿ ಸಂವತ್ಸರ ಎಂದೂ ಇದೆ. ಪ್ರಜಾಪತಿ ಹೊಂದುವುದು ಶಕ 773ಕ್ಕೆ. ಹಾಗಾಗಿ ಇದನ್ನು ಕ್ರಿ.ಶ. 851 ಎಂದು ಹಿಡಿಯುತ್ತಾರೆ. ಈ ಸಲದ ದಾನಿ ಸ್ಥಳೀಯನಲ್ಲ. ಗೌಡದೇಶದಿಂದ, ಎಂದರೆ ಬಂಗಾಳದಿಂದ ಬಂದ ಅವಿಘ್ನಾಕರ ಎಂಬ ಬೌದ್ಧ ಉಪಾಸಕ. ಭಿಕ್ಷುಗಳಿಗೆ ಧ್ಯಾನದ ಕೋಣೆಗಳನ್ನು ಮಾಡಿಸಿ, ಅವರ ಬಟ್ಟೆಗೆಂದು 100 ದ್ರಮ್ಮಗಳನ್ನು ಅಕ್ಷಯನೀವಿಯಾಗಿ ಇಡುತ್ತಾನೆ. ಅಕ್ಷಯನೀವಿ ಎಂದರೆ ಮೂಲಧನ ಮುಟ್ಟದೆ ಬಡ್ಡಿಯನ್ನಷ್ಟೇ ಖರ್ಚು ಮಾಡಬೇಕಾದ ಠೇವಣಿ. ದಾನಿ ಸತ್ತ ಮೇಲೂ ಮಳೆಗಾಲ ಬಂದಾಗ ಭಿಕ್ಷುವಿಗೆ ಹೊಸ ಬಟ್ಟೆ ಬರುತ್ತಲೇ ಇರಬೇಕು.

ಆ ಕಾಲದಲ್ಲಿ ಬಂಗಾಳವನ್ನು ಆಳುತ್ತಿದ್ದವರು ಪಾಲರು. ಬೌದ್ಧರಿಗೆ ದೊಡ್ಡ ಆಶ್ರಯ ಕೊಟ್ಟ ವಂಶ ಅದು, ರಾಷ್ಟ್ರಕೂಟರಿಗೆ ರಾಜಕೀಯವಾಗಿ ಎದುರಾಳಿ. ಕನೌಜಿಗಾಗಿ ಪಾಲ, ಪ್ರತೀಹಾರ, ರಾಷ್ಟ್ರಕೂಟರ ತ್ರಿಕೋನ ಕಾದಾಟವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. ಆ ಕಾದಾಟದ ಒಂದು ಮೂಲೆಯಿಂದ ಹೊರಟ ಬಂಗಾಳಿ ಭಕ್ತನೊಬ್ಬ ಇನ್ನೊಂದು ಮೂಲೆಗೆ, ವೈರಿ ದೊರೆಯ ಸಾಮಂತನ ನಾಡಿಗೆ ಬಂದು, ಹಣ ಠೇವಣಿ ಇಟ್ಟು, ಆ ದೊರೆಯ ಆಳ್ವಿಕೆಯ ಹೆಸರಿನಲ್ಲೇ ಅದನ್ನು ಕಲ್ಲಿಗೆ ಬರೆಸುತ್ತಾನೆ. ತನ್ನ ನೂರು ದ್ರಮ್ಮ ಇಲ್ಲಿ ಸುರಕ್ಷಿತ ಎಂಬ ನಂಬಿಕೆ ಇಲ್ಲದಿದ್ದರೆ ಯಾರೂ ಹಾಗೆ ಮಾಡುವುದಿಲ್ಲ. ಅಮೋಘವರ್ಷನ ಬಗ್ಗೆ ಪ್ರಶಸ್ತಿಕಾರರು ಬರೆದ ಎಷ್ಟೋ ಹೊಗಳಿಕೆಗಳಿಗಿಂತ ಈ ಲೆಕ್ಕದ ಸಾಲೇ ಹೆಚ್ಚು ತೂಕದ್ದು. ಅರಸ ಸ್ವತಃ ಜೈನಾಚಾರ್ಯ ಜಿನಸೇನನ ಶಿಷ್ಯ. ಅವನ ಸಾಮಂತ ಶಿಲಾಹಾರರ ಒಲವು ಶೈವದ ಕಡೆಗೆ. ಬೆಟ್ಟದ ಮೇಲಿದ್ದವರು ಬೌದ್ಧರು. ಮೂರನೆಯ ಶಾಸನ ಶಕ 799ರದು, ಕ್ರಿ.ಶ. 877-78. ಅದೂ ಕಪರ್ದಿಯ ಆಳ್ವಿಕೆಯಲ್ಲಿ, ಅದೇ ಸಂಘಕ್ಕೆ ಕೊಟ್ಟ ದಾನ. ಆ ಹೊತ್ತಿಗೆ ಅಮೋಘವರ್ಷನ ಅರವತ್ತಕ್ಕೂ ಹೆಚ್ಚು ವರ್ಷಗಳ ದೀರ್ಘ ಆಳ್ವಿಕೆ ಮುಗಿಯುತ್ತ ಬಂದಿತ್ತು.

851 ಎಂಬ ವರ್ಷಕ್ಕೆ ಇನ್ನೊಂದು ಸ್ವಾರಸ್ಯವಿದೆ. ಚೀನಾ ಮತ್ತು ಭಾರತದ ಸಮುದ್ರಯಾನದ ಬಗೆಗಿನ ಪ್ರಸಿದ್ಧ ಅರಬ್ಬೀ ವೃತ್ತಾಂತ, ಸುಲೈಮಾನ್ ಎಂಬ ವರ್ತಕನ ಹೆಸರಿನೊಡನೆ ಸೇರಿಕೊಂಡದ್ದು, ಅದೇ ವರ್ಷದ್ದು. ಜಗತ್ತಿನ ನಾಲ್ವರು ಮಹಾರಾಜರಲ್ಲಿ ಬಲ್ಹರನೂ ಒಬ್ಬ ಎಂದು ಅದು ಎಣಿಸುತ್ತದೆ. ಉಳಿದ ಮೂವರು ಅರಬರ ಖಲೀಫ, ಚೀನಾದ ಚಕ್ರವರ್ತಿ ಮತ್ತು ರೋಮಿನ ದೊರೆ. ಬಲ್ಹರ ಎಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು. ಹಡಗಿನ ವರ್ತಕರು ಬಾಗ್ದಾದಿಗೆ ಒಯ್ದ ಕೀರ್ತಿ ಅದು. ಅವರು ಬಲ್ಹರನ ನಾಡೆಂದು ಕಂಡದ್ದು ಈ ಕೊಂಕಣ ಕರಾವಳಿಯನ್ನೇ. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡವನ್ನು ಕಣ್ಣಾರೆ ಕಂಡ ಅರಬರು ಎಷ್ಟಿದ್ದಾರು?

ಅರವತ್ತೈದು ವರ್ಷಗಳ ಅನಂತರ ಇದೇ ಕರಾವಳಿಯ ಚೌಲ್‌ಗೆ ಬಂದ ಅಲ್ ಮಸೂದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನು ಅಲ್ಲಿನ ಅಧಿಪತಿಯ ಹೆಸರನ್ನೂ ಕೊಡುತ್ತಾನೆ: ಝಂಝ. ಅದು ಶಿಲಾಹಾರ ವಂಶಾವಳಿಯಲ್ಲಿರುವ ಹೆಸರೇ. ಭಾಷೆಯ ಬಗ್ಗೆ ಅವನ ಟಿಪ್ಪಣಿ ಕನ್ನಡಿಗರು ಗಮನಿಸಬೇಕಾದದ್ದು. ಬಲ್ಹರನ ರಾಜಧಾನಿ ಮಾಂಕೀರ್‌ನಲ್ಲಿ ಕೀರಿಯ ಎಂಬ ಭಾಷೆಯನ್ನಾಡುತ್ತಾರೆ, ಕರಾವಳಿಯ ಸೈಮೂರ್, ಸೂಬಾರ, ತಾನಾಗಳಲ್ಲಿ ಲಾರಿಯ ಎಂಬ ಬೇರೆ ಭಾಷೆ ಎನ್ನುತ್ತಾನೆ ಅವನು. ಮಾಂಕೀರ್ ಎಂದರೆ ಮಾನ್ಯಖೇಟ. ಕೀರಿಯ ಎಂಬುದು ಕನ್ನಡವೇ ಎಂದು ವಿದ್ವಾಂಸರ ಊಹೆ. ಸೈಮೂರ್ ಚೌಲ್, ಸೂಬಾರ ಸೋಪಾರಾ, ತಾನಾ ಇಂದಿನ ಠಾಣೆ. ಎಂದರೆ ರಾಜಧಾನಿಯ ಮಾತು ಒಂದು, ಠಾಣೆಯ ಬೀದಿಯ ಮಾತು ಇನ್ನೊಂದು ಎಂಬುದನ್ನು 10ನೇ ಶತಮಾನದ ಪ್ರವಾಸಿ ಸ್ಪಷ್ಟವಾಗಿ ಬೇರ್ಪಡಿಸಿದ್ದಾನೆ. ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಗಡಿಯನ್ನು ಗೋದಾವರಿಗೆ ನಿಲ್ಲಿಸುತ್ತದೆ. ಆ ಗೋದಾವರಿ ಹುಟ್ಟುವ ತ್ರ್ಯಂಬಕ ಠಾಣೆಯಿಂದ ಘಟ್ಟ ಹತ್ತಿದರೆ ಸಿಗುವಷ್ಟು ಹತ್ತಿರ. ಆದರೆ ಕಾನ್ಹೇರಿಯ ಮೂರು ಶಾಸನಗಳಲ್ಲಿ ಒಂದೂ ಕನ್ನಡದಲ್ಲಿಲ್ಲ, ಮೂರೂ ಸಂಸ್ಕೃತದಲ್ಲಿವೆ. ಕನ್ನಡದ ಅರಸ ತನ್ನ ಭಾಷೆಯನ್ನು ಇಲ್ಲಿನ ಕಲ್ಲಿನ ಮೇಲೆ ಹೇರಲಿಲ್ಲ. ಹಾಗೆ ಹೇರುವ ಆಲೋಚನೆಯೇ ಆ ಕಾಲದ್ದಲ್ಲ ಎನ್ನುವುದು ಇನ್ನೂ ಸರಿಯಾದ ಮಾತು.

ಕನ್ನಡ ಇಲ್ಲಿ ಇಲ್ಲವೇ ಇಲ್ಲವೆಂದೂ ಅಲ್ಲ. ಅದು ಹೆಸರುಗಳಲ್ಲಿ ನುಸುಳಿಕೊಂಡಿದೆ. ಶಿಲಾಹಾರರಿಗೆ ತಗರಪುರವೇ ತಮ್ಮ ಮೂಲ ಎಂಬ ಅಭಿಮಾನ. ಅದು ಈಗಿನ ಧಾರಾಶಿವ ಜಿಲ್ಲೆಯ ತೇರ್. ಈ ವಂಶದಲ್ಲಿ ವಪ್ಪುವನ್ನ, ಮುಮ್ಮುಣಿ, ಕೇಶಿದೇವ ಎಂಬ ಹೆಸರುಗಳು ಬರುತ್ತವೆ. ಶಿಲಾಹಾರ ಅರಸರ ಬಿರುದುಗಳಲ್ಲಿ ಸಂಸ್ಕೃತದ ನಡುವೆ ‘ಮಲಗಲಗಂಡ’ ಎಂಬುದೊಂದು ಇದೆ. ಅಕ್ಷರ ಸ್ವಲ್ಪ ಸರಿಮಾಡಿಕೊಂಡರೆ ಮಲೆಗಳ ಗಂಡ, ಬೆಟ್ಟಗಳ ಒಡೆಯ. ಕೊಂಕಣದ ದೊರೆಗೆ ಒಪ್ಪುವ ಬಿರುದೇ. ಇಂಥ ಬಿರುದುಗಳನ್ನು ಆಧಾರವಾಗಿ ಹಿಡಿದು ಅಳ್ತೇಕರ್, ಮಿರಾಶಿ ಮೊದಲಾದ ವಿದ್ವಾಂಸರು ಇವರ ಮೂಲ ಕನ್ನಡ ಪ್ರದೇಶದ್ದು ಎಂದು ತರ್ಕಿಸಿದ್ದಾರೆ. 1787ರಲ್ಲಿ ಠಾಣೆಯ ಕೋಟೆಯಲ್ಲಿ ಅಗೆಯುವಾಗ ತಾಮ್ರಪಟಗಳು ಸಿಕ್ಕವು. ಅವು ಶಕ 939ರ, ಎಂದರೆ ಕ್ರಿ.ಶ. 1017ರ ಅರಿಕೇಸರಿಯವು. ಭಾರತದ ಶಾಸನಗಳನ್ನು ಅಚ್ಚು ಹಾಕುವ ಪದ್ಧತಿ ಆಗಷ್ಟೇ ಕಣ್ಣು ಬಿಡುತ್ತಿತ್ತು, ಏಷ್ಯಾಟಿಕ್ ರಿಸರ್ಚಸ್‌ನ ಮೊದಲ ಸಂಪುಟದಲ್ಲೇ ಇದು ಪ್ರಕಟವಾಯಿತು. ಅರಿಕೇಸರಿ ಎಂಬ ಹೆಸರು ಕೇಳಿದರೆ ಪಂಪನ ಓದುಗರಿಗೆ ಏನನ್ನಿಸುತ್ತದೆಂದು ಹೇಳಬೇಕಾಗಿಲ್ಲ. ಪಂಪನ ಆಶ್ರಯದಾತ ವೇಮುಲವಾಡದ ಅರಿಕೇಸರಿ, ಇವನು ಬೇರೆ, ಎಪ್ಪತ್ತೈದು ವರ್ಷಗಳಷ್ಟು ಈಚಿನವನು. ಹೆಸರಿನ ರುಚಿ ಮಾತ್ರ ಒಂದೇ.

ಈ ಕರಾವಳಿಯ ಮೇಲೆ ರಾಷ್ಟ್ರಕೂಟರ ಆಡಳಿತ ಹೇಗಿತ್ತೆಂಬುದಕ್ಕೆ ಉತ್ತರದ ಸಂಜಾಣ ಇನ್ನೆರಡು ಸಾಕ್ಷಿ ಕೊಡುತ್ತದೆ. ಆಗ ಠಾಣೆ ಜಿಲ್ಲೆಗೇ ಸೇರಿದ್ದ, ಈಗ ಗುಜರಾತಿನಲ್ಲಿರುವ ಈ ಊರಲ್ಲಿ ಅಮೋಘವರ್ಷನ 871ರ ತಾಮ್ರಪಟ ಸಿಕ್ಕಿತು. ಲೋಕಕ್ಕೆ ಬಂದ ಆಪತ್ತು ಕಳೆಯಲೆಂದು ಅರಸ ತನ್ನ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದ ಸಂಗತಿ ಗೊತ್ತಾದದ್ದು ಅದರಿಂದ. ಚಿಂಚಣಿಯಲ್ಲಿ ದೊರೆತ 926ರ ಇನ್ನೊಂದು ತಾಮ್ರಪಟದ ಪ್ರಕಾರ, ಎರಡನೆಯ ಕೃಷ್ಣ ಸಂಜಾಣ ಮಂಡಲದ ಆಡಳಿತವನ್ನು ಒಪ್ಪಿಸಿದ್ದು ಮಧುಮತಿ ಎಂಬ ತಾಜಿಕನಿಗೆ. ಮಧುಮತಿ ಎಂದರೆ ಮುಹಮ್ಮದ್, ತಾಜಿಕ ಎಂದರೆ ಅರಬ. ಅವನು ಹೊಳೆ ದಾಟುವವರಿಗೆ ಪುಕ್ಕಟೆ ದೋಣಿ ಇಟ್ಟ, ಅನ್ನ, ಪಲ್ಯ, ತುಪ್ಪ ಬಡಿಸುವ ಛತ್ರ ನಡೆಸಿದ. ಕಾನ್ಹೇರಿಯ ಭಿಕ್ಷುವಿನ ಬಟ್ಟೆ, ಸಂಜಾಣದ ದೋಣಿ, ಎರಡೂ ಒಂದೇ ಬಗೆಯ ಲೆಕ್ಕಪುಸ್ತಕದ ಪುಟಗಳಂತಿವೆ.

ರಾಷ್ಟ್ರಕೂಟರು 10ನೇ ಶತಮಾನದ ಕೊನೆಗೆ ಅಳಿದರು. ಶಿಲಾಹಾರರು ಉಳಿದು, ಠಾಣೆಯನ್ನು ಶ್ರೀಸ್ಥಾನಕವೆಂದು ಕರೆದು ಆಳಿದರು, 1060ರಲ್ಲಿ ಅಂಬರನಾಥದ ಶಿವಾಲಯವನ್ನು ಮುಮ್ಮುಣಿಯ ಕಾಲದಲ್ಲಿ ಮುಗಿಸಿದರು. ಕಾನ್ಹೇರಿಯಲ್ಲಿ ದೀಪ ಮಂಕಾಗುತ್ತಿತ್ತು. 90ನೇ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009 ಮತ್ತು 1021ರಲ್ಲಿ ಗುಹೆ ನೋಡಲು ಬಂದ ಪಾರ್ಸಿಗಳು ತಮ್ಮ ಹೆಸರುಗಳನ್ನು ಕೊರೆದು ಹೋಗಿದ್ದಾರೆ. ‘ಇಂಥವರು ಇಲ್ಲಿಗೆ ಬಂದಿದ್ದರು’ ಎಂಬಷ್ಟೇ ತಾತ್ಪರ್ಯ. ಪ್ರವಾಸಿಗಳು ಗೋಡೆಯ ಮೇಲೆ ಹೆಸರು ಕೆತ್ತುವುದನ್ನು ಕಂಡು ಸಿಡುಕುವ ಪುರಾತತ್ವ ಇಲಾಖೆಯ ಕಾವಲುಗಾರ ಇವರನ್ನು ಕ್ಷಮಿಸಬೇಕು, ಸಾವಿರ ವರ್ಷ ಕಳೆದು ಅವರ ಗೀಚು ಚರಿತ್ರೆಯಾಗಿಬಿಟ್ಟಿದೆ.

ಅಲ್ಲಿಂದ ಮುಂದೆ ಕಾಡು ಗುಹೆಗಳನ್ನು ಮುಚ್ಚಿತು. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸರಿಗೆ ಇವು ಯಾರವು, ಏಕೆ ಎಂದು ಹೇಳಬಲ್ಲವರು ಉಳಿದಿರಲಿಲ್ಲ. ಅವರ ಇತಿಹಾಸಕಾರ ದಿಯೊಗೊ ದ ಕೂತೊ ಕೇಳಿ ಬರೆದ ಕಥೆ ಸೊಗಸಾಗಿದೆ: ಬೆಟ್ಟದೊಳಗಿನ ಸುರಂಗ ಖಂಬಾತಿನವರೆಗೂ ಹೋಗುತ್ತದಂತೆ, ಪಾದ್ರಿಯೊಬ್ಬರು ಜನ, ಬುತ್ತಿ ಕಟ್ಟಿಕೊಂಡು ಏಳು ದಿನ ನಡೆದರೂ ಕೊನೆ ಸಿಗಲಿಲ್ಲವಂತೆ. ಅಂಥ ಸುರಂಗ ಯಾವುದೂ ಅಲ್ಲಿಲ್ಲ. ಆದರೆ 2024ರ ಜುಲೈಯಲ್ಲಿ ಠಾಣೆ ಮತ್ತು ಬೋರಿವಲಿಯ ನಡುವೆ ಇದೇ ಗುಡ್ಡದಡಿ ಅವಳಿ ಸುರಂಗಕ್ಕೆ ಭೂಮಿಪೂಜೆಯಾಯಿತು. ರಸ್ತೆಯ ಒಟ್ಟು ಉದ್ದ 11.8 ಕಿಲೋಮೀಟರ್, ಅದರಲ್ಲಿ ಹತ್ತಕ್ಕೂ ಹೆಚ್ಚು ಕಿಲೋಮೀಟರ್ ನೆಲದೊಳಗೆ. ಈಗ ಘೋಡ್‌ಬಂದರ್ ರಸ್ತೆಯಲ್ಲಿ ಗುಡ್ಡಕ್ಕೆ ಸುತ್ತು ಹಾಕಿ ಹೋಗುವವರಿಗೆ ಗಂಟೆಯ ದಾರಿ ನಿಮಿಷಗಳದ್ದಾಗುತ್ತದೆ. ಕಾಡಿನ ಮೇಲ್ಮೈಗೆ ಕೈ ಹಚ್ಚುವುದಿಲ್ಲ ಎಂಬುದು ಯೋಜನೆಯವರ ಭರವಸೆ. ಬಂಡೆಯೊಳಗಿನ ನೀರಿನ ದಾರಿಗಳಿಗೆ ಏನಾಗುತ್ತದೆ ಎಂಬುದು ಪರಿಸರದವರ ಚಿಂತೆ. ಕಾನ್ಹೇರಿಯ ತೊಟ್ಟಿಗಳನ್ನು ನೋಡಿದ ಮೇಲೆ ಆ ಚಿಂತೆಯನ್ನು ತಳ್ಳಿಹಾಕುವುದು ಕಷ್ಟ.

ಈ ಬೆಟ್ಟ ಇಷ್ಟಾದರೂ ಉಳಿದದ್ದೂ ನೀರಿನ ದೆಸೆಯಿಂದಲೇ. ಮುಂಬಯಿಗೆ ನಲ್ಲಿ ನೀರು ಕೊಡಲು 1860ರಲ್ಲಿ ವಿಹಾರ್ ಕೆರೆ, 1879ರಲ್ಲಿ ತುಳಸಿ ಕೆರೆ ಕಟ್ಟಿದರು. ಕೆರೆಗೆ ನೀರು ಬರುವ ಕಾಡನ್ನು ಕಾಯಬೇಕಾಯಿತು. ಮುಂದೆ ಅದೇ ಬೆಳೆದು ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಾಯಿತು. ಒಂದು ಕಾಲು ಮುಂಬಯಿ ಉಪನಗರದಲ್ಲಿ, ಇನ್ನೊಂದು ಕಾಲು ಠಾಣೆ ಜಿಲ್ಲೆಯಲ್ಲಿ. ಯೇವೂರಿನ ಪಾಡಾಗಳಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳಿದ್ದಾರೆ, ಕಾಡಿನಲ್ಲಿ ಚಿರತೆಗಳಿವೆ.

ಪೆರುವಿನ ಕುವೆಲಾಪ್‌ನಲ್ಲಿ 2022ರ ಏಪ್ರಿಲ್‌ನಲ್ಲಿ ಜೋರು ಮಳೆಗೆ ಹೊರಗೋಡೆಯ ಒಂದು ಭಾಗ ಕುಸಿದುಬಿತ್ತು. ಗೋಡೆಯೊಳಗೆ ಇಳಿದ ನೀರು ಹೊರಹೋಗಲು ದಾರಿ ಸಿಗದೆ ಕಲ್ಲನ್ನು ನೂಕಿತು. ಕಾನ್ಹೇರಿಯಲ್ಲಿ ಕುಸಿಯಲು ಗೋಡೆಯಿಲ್ಲ, ಎಲ್ಲವೂ ಬೆಟ್ಟದ ಮೈಯೇ. ಆದರೆ ಇಲ್ಲೂ ನೀರು ತನ್ನ ಕೆಲಸ ಬಿಟ್ಟಿಲ್ಲ. ಕಾಲುವೆಯಲ್ಲಿ ಮಣ್ಣು ತುಂಬಿದಲ್ಲೆಲ್ಲ ಅದು ಗುಹೆಯೊಳಗೆ ಇಳಿದು ಅಕ್ಷರಗಳನ್ನು ಸವೆಸುತ್ತದೆ. ವಿಹಾರದ ದುರಸ್ತಿಗೆಂದು 843ರಲ್ಲಿ ಬೇರೆಯೇ ಹಣ ತೆಗೆದಿಟ್ಟ ಮುದಿ ಅಮಾತ್ಯನಿಗೆ ಇದು ಗೊತ್ತಿತ್ತು.

ನೋಡಲು ಹೋಗುವವರು ಬೋರಿವಲಿಯ ಮುಖ್ಯ ದ್ವಾರದಿಂದಲೇ ಹೋಗಬೇಕು. ಅಲ್ಲಿಂದ ಗುಹೆಗಳಿಗೆ ಕಾಡೊಳಗೆ ಆರೇಳು ಕಿಲೋಮೀಟರ್ ರಸ್ತೆ. ಯೇವೂರಿನ ಕಡೆಯಿಂದ ಗುಡ್ಡ ಹತ್ತಿ ಇಳಿಯುವ ಸಾಹಸ ಕಾನೂನಿಗೂ ಚಿರತೆಗೂ ಒಪ್ಪುವುದಲ್ಲ. ಸೋಮವಾರ ರಜೆ. ಮಳೆಗಾಲದಲ್ಲಿ ಹೋದರೆ ಕಾಲುವೆಗಳು ಕೆಲಸ ಮಾಡುವುದನ್ನು ನೋಡಬಹುದು, ಆದರೆ ಮೆಟ್ಟಿಲು ಜಾರುತ್ತವೆ, ಜನಸಂದಣಿಯೂ ಹೆಚ್ಚು. ಶಾಸನ ನೋಡಬೇಕೆಂದಿರುವವರಿಗೆ ನವೆಂಬರ್ ಬೆಳಗ್ಗೆ ಒಳ್ಳೆಯದು. ದರ್ಬಾರ್ ಗುಹೆಯಲ್ಲಿ ಹೆಚ್ಚಿನವರು ಒಳಗಿನ ಕಲ್ಲಿನ ಜಗಲಿಯ ಮೇಲೆ ಕೂತು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಒಳಗೆ ಕಾಲಿಡುವ ಮೊದಲು ಮೊಗಸಾಲೆಯಲ್ಲಿ ನಿಂತು ಕಂಬಗಳ ಮೇಲ್ಭಾಗದ ಕಲ್ಲಿನತ್ತ ಒಮ್ಮೆ ತಲೆ ಎತ್ತಬೇಕು. ಓರೆಯಾಗಿ ಬೀಳುವ ಬೆಳಕಿದ್ದರೆ, ಸವೆದ ಸಾಲುಗಳ ನೆರಳು ಕಾಣುತ್ತದೆ. ಗುಹೆಯ ಪಕ್ಕದ ತೊಟ್ಟಿಯಲ್ಲಿ ಆ ಹೊತ್ತಿಗೆ ಕಂಠಮಟ್ಟ ನೀರಿರುತ್ತದೆ.